ಬಾಯಿ ಬಿಟ್ಟರೆ ಬಣ್ಣಗೇಡು

ನಗರಸಭೆಯ ಅಧ್ಯಕ್ಷರ ಗಂಟಲಿನ ಬಗ್ಗೆ ತೀರ್ಪು ಬಾಲ್ಯದಲ್ಲೇ ಬಂದಿತ್ತು. ಶಾಲೆಯ ಸಂಗೀತದ ಮೇಷ್ಟ್ರು, "ನೀನು ಬರೀ ಬಾಯಾಡಿಸಪ್ಪ, ಸಾಕು" ಅಂದಿದ್ದರು. ಅಧ್ಯಕ್ಷರು ಬದುಕಿನಲ್ಲಿ ಮೀರದ ಮಾತು ಅಂತಿದ್ದರೆ ಅದೊಂದೇ. ಎಲ್ಲ ಸಮಾರಂಭಗಳಲ್ಲೂ ಎದೆಯುಬ್ಬಿಸಿ ನಿಂತು, ಕಣ್ಣು ತುಂಬಿಕೊಂಡು, ರಾಷ್ಟ್ರಗೀತೆಗೆ ಬಾಯಾಡಿಸುತ್ತಿದ್ದರು. ಕಣ್ಣೀರು ಮಾತ್ರ ಅಸಲಿ.

ಇಂಥ ಗಾನಗಂಧರ್ವರು ತೆಪ್ಪಗಿರಬೇಕೋ ಬೇಡವೋ? ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು. ಒಮ್ಮೆ ಪಕ್ಕದಲ್ಲೇ ನಿಂತಿದ್ದ ವಿರೋಧ ಪಕ್ಷದ ನಾಯಕಿ ಗೀತೆಗೆ ತುಟಿ ಬಿಚ್ಚಲಿಲ್ಲವೆಂದು ಸಭೆಯಲ್ಲಿ ಮೇಜು ಕುಟ್ಟಿ ರಂಪ ಮಾಡಿ, ವೇದಿಕೆಯ ಮೇಲಿರುವವರೆಲ್ಲ ಗಟ್ಟಿಯಾಗಿ ಹಾಡಲೇಬೇಕೆಂದು ಠರಾವು ಮಾಡಿಸಿದರು. ಉತ್ತರ ಕೊಡಲು ಎದ್ದ ನಾಯಕಿ ಏನೂ ಹೇಳದೆ ಕೂತರು. ಮೈಕಿನವನು ಠರಾವನ್ನು ಶಿರಸಾವಹಿಸಿ ಕುರ್ಚಿಗೊಂದು ಮೈಕು ನೆಟ್ಟ.

ಆಮೇಲಿನ ಮೊದಲ ಸಮಾರಂಭ ಗ್ರಂಥಾಲಯದ ಉದ್ಘಾಟನೆ. ಮಕ್ಕಳಿಂದ ಗೀತೆ ಹಾಡಿಸುವವಳು ಅಧ್ಯಕ್ಷರ ಮಗಳೇ, ಶಾಲೆಯ ಹೊಸ ಸಂಗೀತ ಟೀಚರ್.

"ಅಪ್ಪಾ, ನನ್ನ ಕೆಲಸ ಕಾಯಂ ಮಾಡೋದೋ ಬೇಡ್ವೋ ಅಂತ ಹೆಡ್ ಮೇಡಂ ಇವತ್ತು ನೋಡ್ತಾರೆ. ಮಕ್ಕಳು ಜೋರು ದನಿ ಎಲ್ಲಿ ಕೇಳುತ್ತೋ ಅದರ ಹಿಂದೇನೇ ಹೋಗ್ಬಿಡ್ತಾರೆ. ನೀನು ಹಾಡ್ಬೇಡ."

"ಠರಾವಿದೆಯಲ್ಲಮ್ಮ."

"ಯಾರು ಮಾಡಿದ್ದು?"

"ಯಾರೋ ತಲೆಕೆಟ್ಟವನು," ಅಂದರು ಅಧ್ಯಕ್ಷರು.

ವೇದಿಕೆ ಹತ್ತಿದಾಗ ಮೈಕಿನವನು ಕಿವಿಯ ಹತ್ತಿರ ಬಂದು, "ಸಾರ್, ನಿಮ್ಮದನ್ನ ಎಲ್ಲರಿಗಿಂತ ಜೋರಾಗಿ ಇಟ್ಟಿದ್ದೀನಿ" ಅಂದ. ಹಾಡಿದರೆ ಮಗಳ ಅನ್ನಕ್ಕೆ ಕಲ್ಲು, ಬಾಯಾಡಿಸಿದರೆ ಕಳ್ಳತನ ಬಯಲು. ಮಗಳು ಕೈ ಎತ್ತಿದಳು. ಅಧ್ಯಕ್ಷರು ತುಟಿ ಬಿಗಿದು ನಿಂತರು. ಮಕ್ಕಳು ಒಂದೇ ದನಿಯಲ್ಲಿ, ಎಲ್ಲೂ ತಪ್ಪದೆ ಹಾಡಿ ಮುಗಿಸಿದರು. ಹೆಡ್ ಮೇಡಂ ತಲೆದೂಗಿದರು.

ಪತ್ರಕರ್ತರು ಮುಗಿಬಿದ್ದರು. "ನೀವೇ ಹಾಡಲಿಲ್ವಲ್ಲ ಸಾರ್?"

ಗಂಟಲು ನೋವು ಅನ್ನಬಹುದಿತ್ತು. ಅಧ್ಯಕ್ಷರಿಗೆ ಯಾಕೋ ಸಾಕಾಗಿತ್ತು. "ನನಗೆ ಹಾಡೋಕೆ ಬರಲ್ಲಪ್ಪ. ಇಷ್ಟು ವರ್ಷ ಬರೀ ಬಾಯಾಡಿಸಿದ್ದು. ದೇಶದ ಮೇಲೆ ಪ್ರೀತಿ ಇರೋದಕ್ಕೇ ಹಾಡಲ್ಲ." ಮೈಕು ಆನ್ ಇತ್ತು. ಸಭಾಂಗಣವೆಲ್ಲ ನಕ್ಕಿತು, ಅಧ್ಯಕ್ಷರೂ ನಕ್ಕರು.

ನಗು ಇಳಿದ ಮೇಲೆ ವೇದಿಕೆಯಲ್ಲೇ ಇದ್ದ ನಾಯಕಿಯ ಕಡೆ ತಿರುಗಿದರು. "ತಪ್ಪಾಯ್ತಮ್ಮ. ಅವತ್ತು ನೀವ್ಯಾಕೆ ಹಾಡಲಿಲ್ಲ?"

"ಪಕ್ಕದಲ್ಲಿ ನಿಮ್ಮ ಬಾಯಿ ನೋಡಿಬಿಟ್ಟೆ. ತುಟಿ ಓಡ್ತಿದೆ, ದನೀನೇ ಇಲ್ಲ. ಬಾಯಿ ತೆಗೆದಿದ್ರೆ ನಕ್ಕುಬಿಡ್ತಿದ್ದೆ. ಹಲ್ಲು ಕಚ್ಚಿ ನಿಂತೆ."

"ಸಭೇಲಿ ಅಷ್ಟು ಬೈದಾಗಲಾದ್ರೂ ಹೇಳ್ಬಾರದಿತ್ತಾ?"

"ಹೇಳೋಣ ಅಂತಲೇ ಎದ್ದೆ," ಅಂದರು ಆಕೆ. "ಆದ್ರೆ ಅವತ್ತು ಗೀತೆ ನಡೀವಾಗ ನಿಮ್ಮ ಕಣ್ಣಲ್ಲಿ ನೀರಿತ್ತು. ಅದು ನಾಟಕ ಅಲ್ಲ ಅಂತ ನನಗೆ ಗೊತ್ತಾಗಿತ್ತು."