ಜೊತಿಗ್ಯಾರೂ ಇಲ್ರಿ

"ಜೊತಿಗೆ ಯಾರು ಬಂದಾರ್ರಿ?" ಎಂದು ನರ್ಸ್ ಕಾವ್ಯ ಕೇಳಿದಾಗ ಹೊಳೆಮ್ಮ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು, "ಯಾರೂ ಇಲ್ರಿ" ಎಂದಳು.

ಕಡ್ಡಿರಾಂಪುರದ ರಸ್ತೆ ಬದಿಯಲ್ಲಿ ಹೊಳೆಮ್ಮನದೊಂದು ಸಣ್ಣ ಹೋಟೆಲು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮಾಡುತ್ತಾಳೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಮಲದಲ್ಲಿ ರಕ್ತ ಕಂಡು ಹೊಸಪೇಟೆಯ ಈ ಆಸ್ಪತ್ರೆಗೆ ಮೊದಲ ಸಲ ಬಂದಾಗ, ದೊಡ್ಡ ಕರುಳಿನೊಳಗೆ ನೆಲ್ಲಿಕಾಯಿ ಗಾತ್ರದ ಪಾಲಿಪ್ ಗಂಟು ಬೆಳೆದಿರುವುದು ಗೊತ್ತಾಗಿತ್ತು. ಕ್ಯಾನ್ಸರ್ ಅಲ್ಲ, ಬಿಟ್ಟರೆ ಆಗಬಹುದು ಎಂದಿದ್ದರು. ಊರಲ್ಲಿ ಅವಳು ಬಾಯಿ ಬಿಡಲಿಲ್ಲ. ಕರುಳಿನ ಕಾಯಿಲೆಯವಳು ಮಾಡಿದ ತಿಂಡಿ ಯಾರು ತಿಂದಾರು?

ಡಾಕ್ಟರ್ ಅಪೇಕ್ಷಾ ಇಂಥ ಗಂಟುಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. "ತಂತಿ ಕುಣಿಕೆ ಹಾಕಿ ಕತ್ತರಿಸ್ತೀವಮ್ಮ. ತಂತಿಗೆ ಕರೆಂಟ್ ಕೊಟ್ಟು ಕತ್ತರಿಸಿದ್ರೆ ಆಮೇಲೆ ರಕ್ತ ಹೋಗೋ ಭಯ. ಕೊಡದಿದ್ರೆ ಮತ್ತೆ ಬೆಳೆಯೋ ಭಯ. ಯಾವುದು ಒಳ್ಳೇದು ಅಂತ ನೋಡ್ತಿದೀವಿ. ನಿಮಗೆ ಯಾವುದು ಅನ್ನೋದನ್ನ ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತೆ. ಒಪ್ಪದಿದ್ರೂ ಚಿಕಿತ್ಸೆ ಕೊಡ್ತೀವಿ" ಎಂದಿದ್ದರು. ಹೊಳೆಮ್ಮ ಒಪ್ಪಿದಳು. ಅವಳ ಪಾಲಿಗೆ ಬಂದದ್ದು ಕರೆಂಟ್ ಇಲ್ಲದ್ದು.

"ಮತ್ತಿನ ಇಂಜೆಕ್ಷನ್ ಕೊಟ್ಟ ಮ್ಯಾಲ ಒಬ್ಬರನ್ನೇ ಮನಿಗೆ ಬಿಡಂಗಿಲ್ಲಮ್ಮ" ಎಂದಳು ಕಾವ್ಯ. "ಇನ್ನೊಂದಿನ ಯಾರನ್ನಾರ ಕರ್ಕೊಂಬರ್ರಿ."

"ಇನ್ನೊಂದಿನಾನೂ ಯಾರೂ ಇರಂಗಿಲ್ಲವ್ವಾ. ಇಂಜೆಕ್ಷನ್ ಬ್ಯಾಡ. ಹಂಗ ಮಾಡ್ರಿ."

ಡಾಕ್ಟರು ಹಿಂದೆಮುಂದೆ ನೋಡಿ ಒಪ್ಪಿದರು. ಕ್ಯಾಮೆರಾ ಕೊಳವೆ ಒಳಗೆ ಹೋದಂತೆ ಹೊಟ್ಟೆ ಉಬ್ಬಿ ಹಿಂಡಿತು. ಹೊಳೆಮ್ಮ ಮಂಚದ ಕಂಬಿ ಹಿಡಿದು ಪರದೆ ನೋಡಿದಳು. ಒದ್ದೆಯಾದ ಕೆಂಪು ಗೋಡೆ, ಅದಕ್ಕೆ ಅಂಟಿದ ಗಂಟು. ಗಂಟಿನ ಬುಡಕ್ಕೆ ನೀಲಿ ನೀರು ಚುಚ್ಚಿ ಉಬ್ಬಿಸಿ, ಚೂರುಚೂರಾಗಿ ಕತ್ತರಿಸಿದರು. ಕತ್ತರಿಸಿದ್ದು ನೋಯಲೇ ಇಲ್ಲ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಯಾರಿಗೆ ಎಂದು ಹೊಳೆಯಲಿಲ್ಲ.

ಮರುದಿನ ತಿಂಡಿಗೆ ಬಂದ ಆಟೋ ಯಲ್ಲೇಶ್, "ನಿನ್ನೆ ಬಾಗ್ಲಾ ಹಾಕಿತ್ತಲ್ಲ ಅಕ್ಕಾ?" ಎಂದ.

"ಸಂಡೂರಿಗೆ ಹೋಗಿದ್ದೆ, ನೆಂಟರ ಮನಿಗೆ." ಸಂಡೂರಿನಲ್ಲಿ ಅವಳಿಗೆ ಯಾವ ನೆಂಟರೂ ಇರಲಿಲ್ಲ.

ಆರು ತಿಂಗಳ ಮೇಲೆ ಮತ್ತೆ ನೋಡಿದಾಗ, ಗಾಯ ಮಾಸಿದ ಜಾಗದಲ್ಲಿ ಒಂದು ಚೂರು ಬೆಳೆದಿತ್ತು. ಡಾಕ್ಟರು ಅದನ್ನು ಆಗಲೇ ತೆಗೆದರು.

"ನಿಮ್ಮ ಕೆಲಸ ಕೆಡಿಸಿದ್ನೇನ್ರಿ?" ಎಂದಳು ಹೊಳೆಮ್ಮ.

"ಇಲ್ಲಮ್ಮ. ಬೆಳೆದದ್ದೂ ನಮಗೆ ಬೇಕಾದ ಉತ್ತರಾನೇ. ಮುಂದೆ ಬರೋರಿಗೆ ಅನುಕೂಲ ಆಗುತ್ತೆ. ನೀವು ಮುಂದಿನ ವರ್ಷ ಬನ್ನಿ."

ಬಸ್ಸಿನಲ್ಲಿ ಅವಳು ಆ ಮುಂದೆ ಬರುವವರ ಬಗ್ಗೆ ಯೋಚಿಸಿದಳು. ಯಾರೋ ಒಬ್ಬ ಹೆಂಗಸು ಬರುತ್ತಾಳೆ. ಅವಳ ಜೊತೆಗಾದರೂ ಯಾರಾದರೂ ಇರಲಿ.

ಮರುದಿನ ಮಿರ್ಚಿ ತಿನ್ನುತ್ತ ಯಲ್ಲೇಶ್ ಈ ಸಲವೂ ಕೇಳಿದ. "ಮತ್ತ ಸಂಡೂರೇನ್?"

"ಆಸ್ಪತ್ರಿಗೆ ಹೋಗಿದ್ದೆ" ಎಂದುಬಿಟ್ಟಳು. "ಕರುಳಾಗ ಗಂಟಾಗಿತ್ತು. ತಗದ್ರು."

ಅವನು ಕೈಯಲ್ಲಿದ್ದ ಮಿರ್ಚಿಯನ್ನು ಪೇಪರಿನ ಮೇಲಿಟ್ಟ.

"ಒಬ್ಬಾಕೀನೇ ಹೋಗಿದ್ಯಾ?"

"ಹ್ಞೂಂ."

"ಹೇಳಬಾರದಾ ಅಕ್ಕಾ? ಆಟೋ ಐತಲ್ಲ."

ಅಷ್ಟರಲ್ಲಿ ಹಂಪಿಗೆ ಹೋಗುವವರು ಆಟೋ ಬೇಕೆಂದು ಕೂಗಿದರು. ಅವನು ಎದ್ದು ಓಡಿದ. ಅರ್ಧ ತಿಂದ ಮಿರ್ಚಿ ಅಲ್ಲೇ ಉಳಿಯಿತು. ಅವಸರಕ್ಕೆ ಬಿಟ್ಟನೋ ಹೇಸಿ ಬಿಟ್ಟನೋ, ಹೊಳೆಮ್ಮನಿಗೆ ತಿಳಿಯಲಿಲ್ಲ. ಪೇಪರು ಮುದ್ದೆ ಮಾಡಿ ಎಸೆದು, ಮುಂದಿನ ಗಿರಾಕಿಗೆ ಒಗ್ಗರಣೆ ಹಾಕಿಕೊಟ್ಟಳು.