ಹಾಡದೆ ಬಿಟ್ಟ ಚರಣ

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಗಳು ಹಾಡುತ್ತಿದ್ದಳು. ಅಲ್ಲಿ ಹಾಡುವುದಕ್ಕೆ ಕಾರಣವಿತ್ತು. ಹೊಲಿದು ಮುಗಿಸಿದ ಬಟ್ಟೆಗಳನ್ನೆಲ್ಲ ತಾಯಿ ಆ ಕೋಣೆಯಲ್ಲಿ ಮೂರು ಸಾಲಾಗಿ ತೂಗುಹಾಕುತ್ತಿದ್ದಳು. ಬಟ್ಟೆ ತುಂಬಿದ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಮರಳುವುದಿಲ್ಲ. ಸ್ಟುಡಿಯೋ ಬಾಡಿಗೆ ಕೊಡಲಾರದ ಮಗಳು ಬೇರೆಯವರ ಕೋಟುಗಳ ನಡುವೆ ಮೈಕ್ ನಿಲ್ಲಿಸಿಕೊಂಡು, ತಾನೇ ಬರೆದು ತಾನೇ ರಾಗ ಕೂರಿಸಿದ ಹನ್ನೊಂದು ಹಾಡುಗಳನ್ನು ಅಲ್ಲಿಯೇ ರೆಕಾರ್ಡ್ ಮಾಡಿದಳು. ಚಿಕ್ಕಮ್ಮನ ಮಗ ಗಿಟಾರ್ ನುಡಿಸುತ್ತಿದ್ದ.

ಮುಂದಿನ ಕೋಣೆಯಲ್ಲಿ ತಾಯಿಯ ಮಷಿನ್ ಗಡಗಡ ಓಡುತ್ತಿರುತ್ತಿತ್ತು. ಹಾಡು ಶುರುಮಾಡುವ ಮೊದಲು ಮಗಳು ಒಳಗಿನಿಂದ, "ಮಷಿನ್ ನಿಲ್ಸಮ್ಮ" ಎಂದು ಕೂಗುವಳು. ತಾಯಿ ಪೆಡಲಿನ ಮೇಲಿನ ಕಾಲನ್ನು ಹಾಗೆಯೇ ನಿಲ್ಲಿಸಿ, ಕೆಮ್ಮು ಬಂದರೂ ನುಂಗಿಕೊಂಡು ಕೂರುವಳು. ಹಾಡು ಮುಗಿದ ಮೇಲೆ "ಹೂಂ, ಹೊಲಿ" ಎಂಬ ಅಪ್ಪಣೆಯಾಗಬೇಕು. ಅಲ್ಲಿಯವರೆಗೆ ಗಿರಾಕಿ ಬಂದರೂ ಮಾತಿಲ್ಲ, ಬರಿಯ ಕೈಸನ್ನೆ. ಟೈಲರಮ್ಮನಿಗೆ ಆಗಾಗ ಗ್ರಹಣ ಹಿಡಿಯುತ್ತದೆ ಎಂದು ಜನ ನಗುತ್ತಿದ್ದರು.

ಮಗಳು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಶ್ವಾಸಕೋಶದ ಕಾಯಿಲೆ. ಕೊನೆಕೊನೆಗೆ ಒಂದೊಂದು ಸಾಲಿನ ನಡುವೆಯೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಆಗ ಪಕ್ಕದಲ್ಲಿ ತೂಗುತ್ತಿದ್ದ ಯಾವುದೋ ಕೋಟಿನ ತೋಳನ್ನು ಹಿಡಿದುಕೊಳ್ಳುವಳು. ಮುದುಡಿದ ಆ ತೋಳಿಗೆ ತಾಯಿ ಏನೂ ಹೇಳದೆ ಮತ್ತೆ ಇಸ್ತ್ರಿ ಹಾಕುವಳು.

ಬದುಕಿದ್ದಾಗ ಅವಳ ಹಾಡು ಕೇಳಲು ಇಪ್ಪತ್ತು ಜನ ಕೂಡಿದರೆ ಹೆಚ್ಚು. ಒಂದು ಸಂಗೀತದ ಕಂಪನಿ ಎರಡು ಸಲ ಅವಳನ್ನು ಹಿಂದಕ್ಕೆ ಕಳಿಸಿತ್ತು. ಹಾಡು ನಿಧಾನವಂತೆ, ಉಸಿರು ಕೇಳಿಸುತ್ತದಂತೆ, ಜನ ಕಾಯುವುದಿಲ್ಲವಂತೆ. ಸತ್ತ ಮೇಲೆ ಅವಳ ಒಂದು ಹಾಡು ಹೇಗೋ ಫೋನಿನಿಂದ ಫೋನಿಗೆ ಹಾರಿತು. ಅದೇ ಕಂಪನಿ ಈಗ ತಾನಾಗಿಯೇ ಹುಡುಕಿಕೊಂಡು ಬಂದಿತ್ತು. ಹನ್ನೊಂದೂ ಹಾಡು ಬೇಕು, ಜೊತೆಗೆ ಅರ್ಧಕ್ಕೆ ನಿಂತಿದ್ದ, ಹೊರಗಿನವರು ಯಾರೂ ಕೇಳಿರದ ಹನ್ನೆರಡನೆಯದೂ ಬೇಕು. ಆ ಹನ್ನೆರಡನೆಯದಕ್ಕೆ ಮೂರು ಚರಣ. ಮಗಳು ಹಾಡಿದ್ದು ಎರಡು. ಮೂರನೆಯ ಚರಣದ ಮಾತುಗಳು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಉಳಿದಿದ್ದವು.

ಸೋಮವಾರ ಮಧ್ಯಾಹ್ನ, ಗಿಟಾರ್ ನುಡಿಸುತ್ತಿದ್ದ ತಂಗಿಯ ಮಗ ಬಂದ.

"ದೊಡ್ಡಮ್ಮ, ಸ್ವಲ್ಪ ಕೂತ್ಕೊ. ಒಂದು ಕೇಳಿಸ್ಬೇಕು."

"ಕೂತೇ ಇದೀನಲ್ಲೋ. ನಿಂತು ಹೊಲಿಯೋ ಕಾಲ ನನಗಿನ್ನೂ ಬಂದಿಲ್ಲ."

ಅವನು ನಗಲಿಲ್ಲ. "ಅಕ್ಕನ ಹಳೇ ರೆಕಾರ್ಡಿಂಗ್ ಎಲ್ಲಾ ಕಂಪನಿಗೆ ಕೊಟ್ಟೆ. ಹಾಡು, ನಡುನಡುವೆ ಆಡಿದ ಮಾತು, ಎಲ್ಲಾ. ಕಂಪ್ಯೂಟರ್ ಅದನ್ನ ಕೇಳಿ ಕೇಳಿ ಅವಳ ದನಿ ಕಲಿತುಕೊಳ್ಳುತ್ತೆ. ನಿನ್ನ ಹತ್ರ ಅಳತೆಗೆ ಅಂತ ಹಳೇ ಅಂಗಿ ಕೊಡ್ತಾರಲ್ಲ, ಹಾಗೆ."

ಫೋನನ್ನು ಬಟ್ಟೆಯ ರಾಶಿಯ ಮೇಲಿಟ್ಟ. ಮೂರನೆಯ ಚರಣ ಕೇಳಿಸಿತು. ಮಗಳ ದನಿ, ಅಕ್ಷರ ಅಕ್ಷರವೂ ಅವಳದೇ. ತಾಯಿಯ ಕೈಯಲ್ಲಿದ್ದ ಗುಂಡಿ ನೆಲಕ್ಕೆ ಬಿದ್ದು ಉರುಳಿಹೋಯಿತು. ಅವಳಿಗೆ ಭಯವಾಗಲಿಲ್ಲ. ಸಂತೋಷವಾಯಿತು. ಆಮೇಲೆ ಅದನ್ನು ನೆನೆದೇ ಅವಳಿಗೆ ಭಯವಾದದ್ದು.

"ಇದು ಮಾತೂ ಆಡುತ್ತಾ?" ಎಂದಳು.

"ನಾವು ಏನು ಬರೆದ್ರೆ ಅದನ್ನ ಆಡುತ್ತೆ."

ತಾಯಿ ಬಾಗಿಲ ಕಡೆ ನೋಡಿದಳು, ಕದ್ದು ತಿನ್ನುವವರು ನೋಡುವ ಹಾಗೆ. "ಹಾಗಾದ್ರೆ, ಮಷಿನ್ ನಿಲ್ಸಮ್ಮ ಅನ್ನಲಿ. ಒಂದೇ ಸಲ."

ಅವನು ಆ ಮಾತನ್ನು ಬರೆದು ಒತ್ತಿದ. ಫೋನು ಹೇಳಿತು. ಅವಳ ಕಾಲು ಪೆಡಲಿನ ಮೇಲೆ ಕಲ್ಲಾಯಿತು. "ನಿಲ್ಸಿದೆ ಕಣೆ" ಎಂದು ಬಾಯಿ ತಾನಾಗಿ ಉತ್ತರ ಕೊಟ್ಟಿತು.

ಅವನು ಗುರುವಾರ ಒಪ್ಪಿಗೆಪತ್ರ ತರುವುದಾಗಿ ಹೇಳಿ, ಚರಣವನ್ನು ಅವಳ ಫೋನಿಗೂ ಹಾಕಿಕೊಟ್ಟು ಹೊರಟುಹೋದ. ತಾಯಿ ಮತ್ತೆ ಹೊಲಿಯಲು ಹೋದಳು. ನಾಲ್ಕು ಹೊಲಿಗೆ ಬೀಳುವಷ್ಟರಲ್ಲಿ ಹಿಂದಿನ ಕೋಣೆಯಿಂದ ಯಾರೋ ಕೂಗಿದಂತಾಗಿ ಕಾಲು ನಿಂತಿತು. ಕಾದಳು. ಒಳಗೆ ಹಾಡಿಲ್ಲ. ಹಾಡೇ ಇಲ್ಲದ ಮೇಲೆ ಅದು ಮುಗಿಯುವುದು ಯಾವಾಗ? ಹೊಲಿ ಎನ್ನುವವರು ಯಾರು? ಮತ್ತೆ ಪೆಡಲು ಒತ್ತಿದಳು, ಮತ್ತೆ ಕಾಲು ನಿಂತಿತು. ಮಂಗಳವಾರವೂ ಅದೇ ಕತೆ. ಬುಧವಾರ ಬೆಳಿಗ್ಗೆ, ಕೋಟು ಹೊಲಿಯಲು ಕೊಟ್ಟಿದ್ದ ಗಿರಾಕಿಯೊಬ್ಬ ಬಂದ.

"ಏನ್ ಟೈಲರಮ್ಮ, ನನ್ನ ಮದುವೆಗೆ ಅಂತ ಕೊಟ್ಟ ಕೋಟು ಮಗನ ಮದುವೆಗಾದ್ರೂ ಸಿಗುತ್ತಾ?"

ಅಭ್ಯಾಸಬಲದಿಂದ ಅವಳು ಸುಮ್ಮನಿರಲು ಅವನಿಗೆ ಕೈಸನ್ನೆ ಮಾಡಿದಳು. ಅವನು ಹಿಂದಿನ ಕೋಣೆಯ ಕಡೆ ನೋಡಿದ, ಅವಳ ಮುಖ ನೋಡಿದ, ಚಪ್ಪಲಿಯ ಸದ್ದೂ ಆಗದಂತೆ ಹೊರಟುಹೋದ.

ಹದಿನಾಲ್ಕು ತಿಂಗಳಿಂದ ತಾಯಿ ದಿನವೂ ದೇವರಿಗೆ ಕೈಮುಗಿದು ಒಂದೇ ಮಾತು ಬೇಡಿಕೊಳ್ಳುತ್ತಿದ್ದಳು: ನನ್ನ ಮಗಳು ದಣಿದಿದ್ದಾಳೆ, ಅವಳಿಗೆ ವಿಶ್ರಾಂತಿ ಕೊಡು. ಗುರುವಾರ ಬೆಳಿಗ್ಗೆ ಮುಗಿದ ಕೈಯನ್ನು ಬೇಡಿಕೊಳ್ಳದೆಯೇ ಇಳಿಸಿದಳು. ಮಲಗಿದವಳನ್ನು ಎಬ್ಬಿಸಿದವಳು ತಾನೇ. ಇನ್ನು ಯಾವ ಮುಖ ಇಟ್ಟುಕೊಂಡು ಬೇಡುವುದು?

ಅವಳು ಮೂರನೆಯ ಚರಣವನ್ನು ಇನ್ನೊಮ್ಮೆ ಕೇಳಿದಳು. ನಾಲ್ಕು ಉದ್ದ ಸಾಲು. ಎಲ್ಲಿ ಬೇಕೋ ಅಲ್ಲಿ ಹಿತವಾಗಿ ಉಸಿರೂ ಇತ್ತು. ದಣಿವು ಮಾತ್ರ ಇರಲಿಲ್ಲ. ಹಾಡುತ್ತಿದ್ದವಳು ಯಾವ ಕೋಟಿನ ತೋಳನ್ನೂ ಹಿಡಿದುಕೊಂಡಿರಲಿಲ್ಲ. ನಾಳೆ ನೂರು ಹಾಡು ಹಾಡು ಎಂದರೂ ಹಾಡುತ್ತಾಳೆ, ಸಾಬೂನು ಮಾರು ಎಂದರೂ ಮಾರುತ್ತಾಳೆ, ಒಲ್ಲೆ ಎನ್ನಲು ಅವಳಿಗೆ ಬಾಯಿಲ್ಲ.

ಮಧ್ಯಾಹ್ನ ತಂಗಿಯ ಮಗ ಕಾಗದ ಹಿಡಿದು ಬಂದಾಗ ಮೇಜಿನ ಮೇಲೆ ಅರ್ಧ ಹೊಲಿದ ಬಟ್ಟೆ ರಾಶಿ ಬಿದ್ದಿತ್ತು. ಏನಾಯಿತೆಂದು ಕೇಳಿದ. ತಾಯಿ ಮುಚ್ಚಿಡದೆ ಹೇಳಿದಳು.

"ಅಷ್ಟೇ ತಾನೆ? ಹೊಲಿ ಅಂತಾನೂ ಹೇಳಿಸ್ತೀನಿ. ಒಂದು ನಿಮಿಷದ ಕೆಲಸ."

"ಬೇಡ ಕಣೋ. ಆಮೇಲೆ ಊಟ ಮಾಡು ಅನ್ನಿಸ್ಬೇಕಾಗುತ್ತೆ. ಮಲಗು ಅನ್ನಿಸ್ಬೇಕಾಗುತ್ತೆ. ಹೋದವಳನ್ನ ಕರ್ಕೊಂಡು ಬಂದು ಕೂಲಿಗೆ ಹಚ್ಚಿದೀವಿ. ಮೊದಲನೇ ದಿನದ ಕೂಲಿ ಮಾಡಿಸ್ಕೊಂಡೋಳು ನಾನೇ. ಅಳಿಸಿಬಿಡು ಅದನ್ನ. ಕಂಪನಿಯವರ ಹತ್ರಾನೂ ಅಳಿಸು."

ಅವನ ಮುಖ ಕಪ್ಪಿಟ್ಟಿತು. "ಅಕ್ಕನಿಗೆ ಹೆಸರು ಬೇಕಿರ್ಲಿಲ್ವಾ, ಹೇಳು."

"ಬೇಕಿತ್ತು. ಹಸಿವಿನ ಹಾಗೆ ಬೇಕಿತ್ತು."

"ಮತ್ತೆ? ನನಗೂ ಮೂವತ್ತೊಂದಾಯ್ತು ದೊಡ್ಡಮ್ಮ. ಹೋಟೆಲಲ್ಲಿ ಜನ ಊಟ ಮಾಡ್ತಿರ್ತಾರೆ, ನಾನು ಮೂಲೇಲಿ ನುಡಿಸ್ತಿರ್ತೀನಿ, ಉಪ್ಪು ಕೊಡಪ್ಪ ಅಂತಾರೆ. ನಮ್ಮ ಹಾಡನ್ನ ಒಬ್ರು ಕೇಳ್ತೀವಿ ಅಂತ ಬಂದಿರೋದು ಇದೇ ಮೊದಲು."

ತಾಯಿ ಅವನನ್ನು ಹತ್ತಿರ ಕೂರಿಸಿಕೊಂಡಳು. ಇವನನ್ನೂ ಎತ್ತಿ ಆಡಿಸಿದವಳು ಅವಳೇ. "ಹನ್ನೊಂದೂ ಕೊಡು. ಹನ್ನೆರಡನೇದನ್ನೂ ಕೊಡು. ಎರಡು ಚರಣ ಅವಳು ಹಾಡಿದಾಳೆ, ಮೂರನೇದಕ್ಕೆ ನಿನ್ನ ಗಿಟಾರ್ ಇರಲಿ. ಅಷ್ಟೇ ಆಗಿದ್ದು, ಅಷ್ಟೇ ಇರಲಿ."

"ಒಪ್ಪಲ್ಲ ಅವರು. ಮೂರನೇ ಚರಣ ಇಲ್ಲ ಅಂದ್ರೆ ಯಾವುದೂ ಬೇಡ ಅಂತಾರೆ."

"ಅನ್ನಲಿ."

ಅವನು ಬಹಳ ಹೊತ್ತು ಕಾಗದವನ್ನು ಮಡಿಸಿದ, ಬಿಚ್ಚಿದ. ಕೊನೆಗೆ ಫೋನ್ ತೆಗೆದು, ಅವಳಿಗೆ ಕಾಣುವ ಹಾಗೆ ಹಿಡಿದು, ಆ ದನಿಯನ್ನು ಅಳಿಸಿದ. ಅಳಿಸುವಾಗ ಹೆಬ್ಬೆರಳು ಒಮ್ಮೆ ತಡೆಯಿತು. ಅವಳ ಫೋನಿಗೆ ಹಾಕಿಕೊಟ್ಟಿದ್ದ ಚರಣವನ್ನೂ ಅಳಿಸಿದ.

"ಕಂಪನಿಯವರ ಹತ್ರಾನೂ ಒಂದು ಇದೆ. ಅಳಿಸಿ ಅಂದ್ರೆ ಯಾಕೆ ಅಂತ ಕೇಳ್ತಾರೆ. ಏನು ಹೇಳಲಿ?"

"ಅವಳು ತೀರಿಕೊಂಡಿದಾಳೆ ಅಂತ ಹೇಳು."

"ಅದು ಅವರಿಗೆ ಗೊತ್ತಲ್ಲ ದೊಡ್ಡಮ್ಮ."

"ಗೊತ್ತಿಲ್ಲ. ನೀನು ಹೇಳು."

ಅವನು ಅಂಗಡಿಯ ಬಾಗಿಲಿಗೆ ಹೋಗಿ, ಬೀದಿಗೆ ಮುಖ ಮಾಡಿ ನಿಂತು ಫೋನ್ ಮಾಡಿದ. ಒಪ್ಪಿಗೆ ಇಲ್ಲ, ಅಳಿಸಬೇಕು ಎಂದ. ಆ ಕಡೆಯವರು ಏನೋ ಕೇಳಿದರು. "ಇಲ್ಲ ಸರ್, ಅಕ್ಕ ತೀರಿಕೊಂಡಿದಾಳೆ" ಎಂದ. ಅವರಿಗೆ ಅರ್ಥವಾಗಲಿಲ್ಲವೋ ಏನೋ, ಮತ್ತೆ ಕೇಳಿದರು. ಅವನು ಮತ್ತೆ ಅದನ್ನೇ ಹೇಳಿದ. ಮೂರನೆಯ ಸಲ ಹೇಳಹೊರಟಾಗ ದನಿ ಒಡೆಯಿತು. ಫೋನನ್ನು ಕಿವಿಯಿಂದ ತೆಗೆದು ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡ. ಹದಿನಾಲ್ಕು ತಿಂಗಳಲ್ಲಿ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ತಾಯಿ ಎದ್ದು ಅವನ ಬಳಿಗೆ ಹೋದಳು.