ಹಸಿದ ಕೌದಿ

ಕಟಪಾಡಿಯ ಸೆಕೆಯಲ್ಲಿ ಕೌದಿ ಹೊಲಿಯಲು ಕೂತವಳನ್ನು ಕಂಡರೆ ಯಾರಿಗಾದರೂ ನಗು ಬಂದೀತು. ಬಾಡಿಗೆ ಕೋಣೆಯ ಒಡತಿ ಇಮೆಲ್ಡಾ ಬಾಯಮ್ಮನಿಗೂ ಬಂತು. "ಇಲ್ಲಿ ಫ್ಯಾನ್ ಹಾಕಿದರೂ ನಿದ್ದೆ ಇಲ್ಲ, ಇದು ಎಂತಕ್ಕೆ ಮಾರಾಯ್ತಿ?" ಎಂದರು. ರೇಣುಕವ್ವ ತಲೆಯೆತ್ತದೆ ಸೂಜಿಗೆ ದಾರ ಪೋಣಿಸಿದಳು. ಹೋಟೆಲಿನ ಪಾತ್ರೆ ತಿಕ್ಕಿ ತಿಕ್ಕಿ ಅವಳ ಬೆರಳು ಸೂಜಿಗೆ ಮಡಚುತ್ತಿರಲಿಲ್ಲ. ಮಾತಾಡುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ.

ಇಳಕಲ್ಲಿನ ಕಡೆಯಿಂದ ಗಾರೆ ಕೆಲಸಕ್ಕೆಂದು ಗಂಡ ಬಾಲಪ್ಪನ ಬೆನ್ನು ಹತ್ತಿ ಬರುವಾಗ ತಂದಿದ್ದ ಅರೆಬರೆ ಕೌದಿ ಅದು. ನಡುವೆ ಅತ್ತೆಯ ಸೀರೆಯ ಸೆರಗು, ಅದರ ಸುತ್ತ ಬಾಲಪ್ಪನ ಹರಿದ ಅಂಗಿಗಳು. ಇಲ್ಲಿಗೆ ಬಂದ ಮೇಲೆ ಮಗಳು ಸವಿತಾಳ ಶಾಲೆಯ ಲಂಗ ಸೇರಿತು, ಇಮೆಲ್ಡಾ ಬಾಯಮ್ಮನ ಹೊಲಿಗೆ ಮೆಷಿನ್ನಿನ ಕೆಳಗೆ ಬಿದ್ದ ಫ್ರಾಕಿನ ಚೂರುಗಳೂ ಸೇರಿದವು. ಸವಿತಾ ಮದುವೆಯಾಗಿ ಹೋದಳು. ಕೌದಿಯ ಒಂದು ಮೂಲೆ ಮಾತ್ರ ಬಾಯಿ ತೆರೆದುಕೊಂಡೇ ಟ್ರಂಕಿನ ತಳ ಸೇರಿತು.

ಮೈಗಳ್ಳತನದಿಂದ ಬಿಟ್ಟದ್ದಲ್ಲ. ಕೌದಿ ಹಸಿದಿರಬಾರದು ಎಂಬುದು ಅತ್ತೆಯ ಕಟ್ಟಳೆ. ಕಡೆಯ ಮೂಲೆ ಮುಚ್ಚುವ ಮೊದಲು ರೊಟ್ಟಿಯ ಚೂರೊಂದನ್ನು ಒಳಗಿಡಬೇಕು, ಆ ರೊಟ್ಟಿ ಸ್ವಂತ ಮನೆಯ ಒಲೆಯ ಮೇಲೇ ಬೆಂದಿರಬೇಕು. ಬರುವ ಯುಗಾದಿಗೆ ಊರಿಗೆ ಹೋಗೇಬಿಡೋಣ, ಅಲ್ಲೇ ಮುಚ್ಚಿದರಾಯಿತು ಎಂದು ಬಾಲಪ್ಪ ವರ್ಷ ವರ್ಷವೂ ಹೇಳಿದ. ಯುಗಾದಿಗಳು ಬಂದವು, ಹೋದವು.

ಈಗ ಅವನ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಮೂರು ಸಲ ಉಡುಪಿಯ ಆಸ್ಪತ್ರೆಯಲ್ಲಿ ರಕ್ತ ಶುದ್ಧ ಮಾಡಿಸಬೇಕು. ಆ ಏಸಿ ಕೋಣೆಯಲ್ಲಿ ಮೆಷಿನ್ನು ತಿರುಗತೊಡಗಿದರೆ ಅವನ ಹಲ್ಲು ಕಟಕಟ ಎನ್ನುತ್ತಿತ್ತು, ಆಸ್ಪತ್ರೆಯ ತೆಳ್ಳನೆಯ ಹೊದಿಕೆ ಯಾತಕ್ಕೂ ಸಾಲದು. ಕೌದಿ ತರಲೇ ಎಂದು ಕೇಳಿದಾಗಲೆಲ್ಲ ಅವನದು ಒಂದೇ ಹಟ. ಅದು ಊರಿನ ಮನೆಯದು, ಇಲ್ಲಿ ಬಿಚ್ಚಬೇಡ. ಚಳಿಯಿಂದ ನಡುಗುತ್ತಲೇ ಹಾಗೆನ್ನುವವನ ಮೇಲೆ ಅವಳಿಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರ್ರೆನ್ನುತ್ತಿತ್ತು. ಮೆಷಿನ್ನು ಬಿಟ್ಟು ಅವನು ಊರಿನಲ್ಲಿ ಬದುಕಲಾರ ಎಂಬುದು ಇಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆ ದಿನ ಅವಳು ಗ್ಯಾಸಿನ ಒಲೆಯ ಮೇಲೆ ಜೋಳದ ರೊಟ್ಟಿ ಬಡಿದು ಹಾಕಿದಳು. ಬೆಂದು ಆರಿದ ಮೇಲೆ ಒಂದು ಚೂರು ಮುರಿದು ಬಟ್ಟೆಯಲ್ಲಿ ಸುತ್ತಿ ಮೂಲೆಯೊಳಗೆ ತುರುಕಿದಳು, ದಾರದ ಗಂಟು ಹಾಕಿ ಹಲ್ಲಿನಿಂದ ಕಡಿದಳು. ಖುಷಿಯೇನೂ ಆಗಲಿಲ್ಲ, ಸೊಂಟ ನೋಯುತ್ತಿತ್ತು ಅಷ್ಟೇ. ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವಾಗ ಒಂದು ಸುಳ್ಳನ್ನೂ ಹೊಂದಿಸಿಕೊಂಡಳು. ಊರಿಂದ ಬಂದ ನೆರೆಮನೆಯ ಹುಡುಗ ಯಮನೂರನ ಕೈಯಲ್ಲಿ ನಾದಿನಿ ಶೈಲಶ್ರೀ ರೊಟ್ಟಿ ಕಳಿಸಿದ್ದಳು ಎನ್ನಬೇಕು.

ಕಾಲಿನ ಮೇಲೆ ಕೌದಿಯ ಭಾರ ಬಿದ್ದೊಡನೆ ಬಾಲಪ್ಪ ಕಣ್ಣು ತೆರೆದ. ಸೂಜಿ ಚುಚ್ಚದ ಕೈಯಿಂದ ತಡವುತ್ತ ಹೋಗಿ ಆ ಮೂಲೆಯನ್ನೇ ಹಿಡಿದ. ಒಳಗಿನ ಗಟ್ಟಿ ಚೂರು ಬೆರಳಿಗೆ ಸಿಕ್ಕಿತು.

"ಯಾವ ಒಲಿ ಮ್ಯಾಲಿಂದು?"

ಹೊಂದಿಸಿಕೊಂಡ ಸುಳ್ಳು ಬಾಯಿಗೆ ಬರಲಿಲ್ಲ. ಸುಳ್ಳು ಹೇಳುವುದಕ್ಕೂ ಅವಳು ದಣಿದಿದ್ದಳು.

"ನಮ್ಮ ಒಲಿದು ರೀ. ಕಟಪಾಡೀದು."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಮೆಷಿನ್ನು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಕೌದಿಯನ್ನು ಮಡಚಿ ವಾಪಸು ಒಯ್ಯುವುದೇ ಸೈ ಎಂದು ಅವಳು ಅದರ ಅಂಚು ಹಿಡಿದಳು. ಅವನು ಮೂಲೆಯನ್ನು ಬಿಡಲಿಲ್ಲ.

"ಉಪ್ಪುಖಾರ ಹಚ್ಚೀ ಏನು?" ಉಪ್ಪು ಮುಟ್ಟಬಾರದೆಂದು ಡಾಕ್ಟರು ಹೇಳಿದಂದಿನಿಂದ ಅವನಿಗೆ ಅದರದೇ ಧ್ಯಾನ.

"ಹಚ್ಚೀನಿ. ಕೌದಿಗೆ ಯಾವ ಡಾಕ್ಟರು ಬ್ಯಾಡ ಅಂತಾರ?"

ಬಾಲಪ್ಪ ಆ ಮೂಲೆಯನ್ನು ಎಳೆದು ಗದ್ದದ ಕೆಳಗೆ ಒತ್ತಿಕೊಂಡ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಹೊಚ್ಚು," ಎಂದ. "ಕಾಲಿಗೂ ಸರಿಯಾಗಿ ಹೊಚ್ಚು."